ಬಳ್ಳಾರಿಯಲ್ಲಿ ಕೂತು ಕೊಪ್ಪಳ, ರಾಯಚೂರಿನ ಟ್ರಯಲ್ ಸೈಟ್ ನಡೆಸಬೇಕು: ಮೊದಲು ಏನು ನೋಡಬೇಕು?

ಕೋಟೆಬಾಗಿಲು (ಬಳ್ಳಾರಿ):

ಎಲ್ಲರಿಗೂ ನಮಸ್ಕಾರ. ಖಾಸಗಿ ಆಸ್ಪತ್ರೆಯೊಂದರ ಸಂಶೋಧನಾ ವಿಭಾಗದಲ್ಲಿ ಕ್ಲಿನಿಕಲ್ ಆಪರೇಷನ್ಸ್ ಹೊಣೆ ಮುಂದಿನ ತಿಂಗಳಿಂದ ನನ್ನದು. ಈಗ ಮೂರು ಟ್ರಯಲ್ (ರೋಗಿಗಳಲ್ಲಿ ಔಷಧಿ ಪರೀಕ್ಷೆ) ನಡೀತಿವೆ, ಅದರ ದಿನನಿತ್ಯದ ಕೆಲಸ ನೋಡೋ ಕೋಆರ್ಡಿನೇಟರ್‌ಗಳು ನಾಲ್ವರು. ಸಕ್ಕರೆ ಕಾಯಿಲೆಯದೊಂದು ಫೇಸ್ 3 (ಮೂರನೇ ಹಂತದ ಟ್ರಯಲ್) ಬರೋದರಲ್ಲಿದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಪೆನ್, 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ್ದು. ಬಳ್ಳಾರಿ ಜೊತೆ ಕೊಪ್ಪಳ, ರಾಯಚೂರಿನಲ್ಲಿರೋ ನಮ್ಮ ಆಡಳಿತ ಮಂಡಳಿಯ ಚಿಕ್ಕ ಆಸ್ಪತ್ರೆಗಳನ್ನೂ ಸೈಟ್ ಮಾಡಿ ಅಂತ ಸಿಆರ್‌ಒ (ಔಷಧ ಕಂಪನಿ ಪರವಾಗಿ ಟ್ರಯಲ್ ನಡೆಸಿಕೊಡೋ ಸಂಸ್ಥೆ) ಕೇಳ್ತಿದೆ. ಮೂರೂ ಕಡೆ ಸೇರಿ ತಿಂಗಳಿಗೆ 20 ಜನರನ್ನು ಸೇರಿಸ್ತೀವಿ ಅಂತ ಡಾಕ್ಟರು ಬಾಯಿಮಾತಲ್ಲಿ ಒಪ್ಪಿಬಿಟ್ಟಿದ್ದಾರೆ. ನಮ್ಮಿಂದ ಎಷ್ಟಾಗುತ್ತೆ ಅಂತ ತಿಳಿಸೋ ಫೀಸಿಬಿಲಿಟಿ ಫಾರ್ಮ್ ಮುಂದಿನ ವಾರ ಕಳಿಸಬೇಕು.

ಕೇಳಬೇಕಾದ್ದು ಮೂರು. ಇದಕ್ಕೆ ಎಷ್ಟು ಜನ ಬೇಕು? ಬಳ್ಳಾರಿಯ ನಮ್ಮ ಎಥಿಕ್ಸ್ ಕಮಿಟಿ (ಇಸಿ, ರೋಗಿಗಳ ಹಿತ ನೋಡಿ ಟ್ರಯಲ್‌ಗೆ ಒಪ್ಪಿಗೆ ಕೊಡೋ ಸಮಿತಿ) ಒಪ್ಪಿಗೆ ಮೂರೂ ಸೈಟಿಗೆ ಸಾಕಾ? ಏಪ್ರಿಲ್, ಮೇ ಬಿಸಿಲಲ್ಲಿ ಔಷಧಿ ಕಾಯೋದು ಹೇಗೆ?

ಸಿಂಧನೂರು ಕಾಲುವೆ:

20 ಅಂತ ಬರೆಯೋಕೆ ಮುಂಚೆ ಸ್ವಲ್ಪ ತಡೀರಿ. ಡಾಕ್ಟರ ನೆನಪಿನಲ್ಲಿರೋ ರೋಗಿಗಳು ಟ್ರಯಲ್ ಶುರುವಾದ ದಿನವೇ ಮಾಯ ಆಗ್ತಾರೆ. ಈ ಕಸುಬಿನಲ್ಲಿ ಇದಕ್ಕೆ ‘ಲಸಾನ್ಯ ನಿಯಮ’ ಅಂತ ಹೆಸರೇ ಇದೆ. ಬಾಯಿ ಲೆಕ್ಕ ಬಿಟ್ಟು ಮೂರು ತಿಂಗಳ ಒಪಿಡಿ ರಿಜಿಸ್ಟರ್ ಮತ್ತು ಲ್ಯಾಬಿನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತ ಪರೀಕ್ಷೆ) ಪಟ್ಟಿ ಮುಂದಿಟ್ಟುಕೊಂಡು ಪ್ರೋಟೋಕಾಲ್‌ನ (ಟ್ರಯಲ್ ಹೇಗೆ ನಡೀಬೇಕು ಅನ್ನೋ ದಾಖಲೆ) ಒಂದೊಂದು ಷರತ್ತಿಗೂ ಒಂದೊಂದು ಗೆರೆ ಹೊಡೀತಾ ಬನ್ನಿ. ವಯಸ್ಸು, ಎಚ್‌ಬಿಎ1ಸಿ ಮಿತಿ, ಇನ್ಸುಲಿನ್ ಈಗಾಗಲೇ ತಗೊಳ್ತಿದ್ದಾರಾ, ಮೆಟ್‌ಫಾರ್ಮಿನ್ ಡೋಸ್ ಎಷ್ಟು ದಿನದಿಂದ ಬದಲಾಗಿಲ್ಲ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತೆ ಅಂತ ಹೇಳೋ ಇಜಿಎಫ್‌ಆರ್ ಎಷ್ಟು. ನಮ್ಮ ಕಡೆ ಹಿಮೋಗ್ಲೋಬಿನ್ ಕಟಾಫ್‌ನ್ನು ಮೊದಲು ನೋಡಿ, ಬಹಳ ಹೆಣ್ಣುಮಕ್ಕಳು ಅಲ್ಲೇ ಹೊರಗೆ ಬೀಳ್ತಾರೆ. ಇನ್ನೊಂದು ತೊಡಕು: ಕಬ್ಬಿಣದ ಕೊರತೆ ಇದ್ದಾಗ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು. ಪಟ್ಟಿಯಲ್ಲಿ ಅರ್ಹರ ಹಾಗೆ ಕಂಡವರಲ್ಲಿ ಕೆಲವರು ನಿಜಕ್ಕೂ ಅರ್ಹರಲ್ಲ.

ಆಮೇಲೆ ಗಂಟೆ ಲೆಕ್ಕ. ತಲೆ ಲೆಕ್ಕ ಹಾಕಿ ಕೂತವರು ಆರನೇ ತಿಂಗಳಿಗೆ ಸಿಕ್ಕಿಬೀಳ್ತಾರೆ, ಹೇಗೆ ನೋಡಿ. ಒಬ್ಬ ಕೋಆರ್ಡಿನೇಟರ್ ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಅಂದ್ರೆ 208 ಗಂಟೆ. ಸ್ಪಾನ್ಸರ್ (ಟ್ರಯಲ್ ಮಾಡಿಸೋ ಔಷಧ ಕಂಪನಿ) ಕಡೆಯಿಂದ ದಾಖಲೆ ತಪಾಸಣೆಗೆ ಮಾನಿಟರ್ ಬಂದ ದಿನಗಳು, ಇಸಿ ಕಾಗದ, ಟ್ರೈನಿಂಗ್, ರಜೆ ಎಲ್ಲ ಕಳೆದರೆ ರೋಗಿಯ ಕೆಲಸಕ್ಕೆ ಉಳಿಯೋದು 150. ಸ್ಕ್ರೀನಿಂಗ್ ವಿಸಿಟ್ ಅಂದ್ರೆ ಕನ್ಸೆಂಟ್ (ರೋಗಿಯ ಲಿಖಿತ ಒಪ್ಪಿಗೆ), ಹಿಸ್ಟರಿ, ರಕ್ತ, ಇಸಿಜಿ, ಸ್ಯಾಂಪಲ್ ಪ್ಯಾಕಿಂಗ್, ಡೇಟಾ ಎಂಟ್ರಿ ಸೇರಿ 6 ಗಂಟೆ ಇಟ್ಕೊಳ್ಳಿ. ಉಳಿದ ವಿಸಿಟ್‌ಗಳಿಗೆ ಎಂಟ್ರಿ, ಕ್ವೆರಿ (ಡೇಟಾ ಬಗ್ಗೆ ಬರೋ ಪ್ರಶ್ನೆಗಳು) ಸೇರಿ 4. ಮೂವರಲ್ಲಿ ಒಬ್ಬರು ಸ್ಕ್ರೀನಿಂಗ್‌ನಲ್ಲಿ ಬಿದ್ದರೆ 20 ಜನ ಸೇರಲು 30 ಸ್ಕ್ರೀನಿಂಗ್, ಅಂದ್ರೆ 180 ಗಂಟೆ. ಸೇರಿದ 20 ಜನಕ್ಕೆ ಮೊದಲ ತಿಂಗಳು ನಾಲ್ಕು ವಿಸಿಟ್ ಆದರೆ 320. ಮೊದಲ ತಿಂಗಳೇ 500, ಇದೊಂದೇ ಟ್ರಯಲ್‌ಗೆ ಮೂರು ಜನ ಪೂರ್ತಿ ಇದ್ದರೂ ಸಾಲದು. ಆರನೇ ತಿಂಗಳಿಗೆ ಹಳೆಯ 100 ಜನ ತಿಂಗಳಿಗೊಮ್ಮೆ ಬರ್ತಿರ್ತಾರೆ, ಅದು ಇನ್ನೊಂದು 400 ಗಂಟೆ. ಒಟ್ಟು 900, ಜನ ಆರು. ಗಂಟೆಗಳು ನಿಮ್ಮ ಪ್ರೋಟೋಕಾಲ್‌ಗೆ ತಕ್ಕಂತೆ ಬದಲಾಗ್ತವೆ, ಲೆಕ್ಕದ ದಾರಿ ಬದಲಾಗಲ್ಲ. ಇರೋ ನಾಲ್ವರ ಕೈ ಆಗಲೇ ತುಂಬಿದೆ ಅಲ್ವಾ?

ಫಾರ್ಮ್‌ನಲ್ಲಿ ಸೈಟ್‌ಗೊಂದು ಸಂಖ್ಯೆ, ಅದೂ ತಿಂಗಳ ಪ್ರಕಾರ ಬರೀರಿ. ಭತ್ತದ ನಾಟಿ, ಕೊಯ್ಲು, ಮೆಣಸಿನಕಾಯಿ ಬಿಡಿಸೋ ಕಾಲದಲ್ಲಿ ಯಾರೂ ಬರಲ್ಲ. ಎರಡನೇ ಬೆಳೆಗೆ ಕಾಲುವೆ ನೀರು ಬರದ ವರ್ಷ ಕೂಲಿಯವರು ಬೆಂಗಳೂರಿಗೆ ಹೊರಟುಬಿಡ್ತಾರೆ. ವಿಸಿಟ್ ವಿಂಡೋ (ಹೇಳಿದ ದಿನ ತಪ್ಪಿದರೆ ಬರೋಕಿರೋ ಅವಕಾಶ) ಆಚೀಚೆ 3 ದಿನ ಮಾತ್ರ ಇದ್ದರೆ ಗವಿಮಠದ ಜಾತ್ರೆ ವಾರ, ಮೊಹರಂ ವಾರಗಳಲ್ಲಿ ಬೀಳೋ ವಿಸಿಟ್‌ಗಳನ್ನು ರ‍್ಯಾಂಡಮೈಸೇಷನ್ (ಯಾರಿಗೆ ಯಾವ ಔಷಧಿ ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನಿಸೋದು) ದಿನವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಆ ದಿನವನ್ನೇ ಎರಡು ದಿನ ಹಿಂದೆ ಮುಂದೆ ಮಾಡಿದರೆ ಮುಂದಿನ ಎಂಟು ಹತ್ತು ವಿಸಿಟ್ ಉಳೀತವೆ.

ಹುಲಿಗಿ ರಸ್ತೆ:

ಎರಡನೇ ಪ್ರಶ್ನೆಗೆ ಉತ್ತರ: ಸಾಲದು. 2019ರ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ರೂಲ್ಸ್ ಪ್ರಕಾರ ಸೈಟ್‌ನಲ್ಲಿ ಸ್ವಂತ ಎಥಿಕ್ಸ್ ಕಮಿಟಿ ಇಲ್ಲದಿದ್ದರೆ ಬೇರೆ ಸೈಟ್‌ನದ್ದೋ ಸ್ವತಂತ್ರ ಕಮಿಟಿಯದ್ದೋ ಒಪ್ಪಿಗೆ ಪಡೆಯಬಹುದು. ಆದರೆ ಆ ಕಮಿಟಿ ಅದೇ ಊರಿನಲ್ಲಿ ಅಥವಾ ಸೈಟ್‌ನಿಂದ 50 ಕಿ.ಮೀ. ದೂರದೊಳಗೆ ಇರಬೇಕು. ಬಳ್ಳಾರಿಯಿಂದ ಕೊಪ್ಪಳಕ್ಕೆ ನೇರ ಗೆರೆ ಎಳೆದರೂ 80 ಕಿ.ಮೀ. ದಾಟುತ್ತದೆ. ರಾಯಚೂರು 100ರ ಆಚೆ. ಕೊಪ್ಪಳಕ್ಕೆ ಹೊಸಪೇಟೆ ಅಥವಾ ಗಂಗಾವತಿಯಲ್ಲಿ ನೋಂದಾಯಿತ ಕಮಿಟಿ ಸಿಕ್ಕರೆ ದೂರದ ಲೆಕ್ಕಕ್ಕೆ ಕೂರುತ್ತದೆ. ರಾಯಚೂರಿಗೆ ರಾಯಚೂರಿನಲ್ಲೇ ಹುಡುಕಬೇಕು. ಒಪ್ಪಿಗೆ ಕೊಟ್ಟ ಕಮಿಟಿಯೇ ಆ ಸೈಟ್‌ನ ಅಧ್ಯಯನಕ್ಕೂ ಹೊಣೆ, ಹಾಗಾಗಿ ಬರಿ ಸಹಿಗೆ ಕಮಿಟಿ ಹುಡುಕುವ ಕೆಲಸ ಅಲ್ಲ ಇದು. ಒಪ್ಪಿಗೆ ಸಿಕ್ಕ 15 ಕೆಲಸದ ದಿನಗಳೊಳಗೆ ಸಿಡಿಎಸ್‌ಸಿಒಗೆ (ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ) ತಿಳಿಸಬೇಕು. ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಸಾರ್ವಜನಿಕ ನೋಂದಣಿ) ದಾಖಲೆಯಲ್ಲಿ ಹೊಸ ಸೈಟ್ ಮತ್ತು ಅದರ ಕಮಿಟಿಯ ಹೆಸರು ಕಾಣಿಸುವ ತನಕ ಮೊದಲ ರೋಗಿಯನ್ನು ಮುಟ್ಟಬೇಡಿ.

ಕಮಿಟಿಯ ಕಾಗದ ಕೇಳುವಾಗ ಇನ್ನೊಂದು ಜಾರುಮೆಟ್ಟಿಲು ಇದೆ. ಆರೋಗ್ಯ ಸಂಶೋಧನಾ ಇಲಾಖೆ, ಅಂದರೆ ಡಿಎಚ್‌ಆರ್‌ನ ನೋಂದಣಿ ಬಯೋಮೆಡಿಕಲ್ ಸಂಶೋಧನೆಗೆ. ಹೊಸ ಔಷಧಿಯ ಟ್ರಯಲ್‌ಗೆ ಬೇಕಾದ್ದು ಸಿಡಿಎಸ್‌ಸಿಒ ಕೊಡುವ ಸಿಟಿ-02 ನೋಂದಣಿ, ಅದಕ್ಕೆ 5 ವರ್ಷ ಆಯುಷ್ಯ. ಎರಡರಲ್ಲೂ ‘ಎಥಿಕ್ಸ್ ಕಮಿಟಿ ನೋಂದಣಿ’ ಅಂತಲೇ ಇರುವುದರಿಂದ ಒಂದನ್ನು ತೋರಿಸಿ ಇನ್ನೊಂದಿದೆ ಅಂದುಕೊಳ್ಳುವವರು ಬಹಳ.

ಮುಕ್ತಾಯದ ದಿನಾಂಕ ನೋಡಿದ ಮೇಲೆ ಸದಸ್ಯರ ಪಟ್ಟಿ ನೋಡಿ: ಕನಿಷ್ಠ 7 ಜನ, ಅರ್ಧದಷ್ಟು ಮಂದಿ ಆ ಸಂಸ್ಥೆಯ ಹೊರಗಿನವರು, ಅಧ್ಯಕ್ಷರು ಹೊರಗಿನವರೇ. ಕೋರಂ 5. ಅದರಲ್ಲಿ ವೈದ್ಯ ವಿಜ್ಞಾನಿ, ಕ್ಲಿನಿಶಿಯನ್, ಕಾನೂನು ತಿಳಿದವರು, ಸಮಾಜ ವಿಜ್ಞಾನಿ ಅಥವಾ ಸ್ವಯಂಸೇವಾ ಸಂಸ್ಥೆಯವರು, ಸಾಮಾನ್ಯ ನಾಗರಿಕರು ಇರಬೇಕು. ವಕೀಲರು ಒಬ್ಬರೇ ಇದ್ದು ಅವರು ಆ ದಿನ ಕೋರ್ಟಿನಲ್ಲಿ ಉಳಿದರೆ ಐವರಲ್ಲ, ಎಂಟು ಜನ ಕೂತರೂ ಕೋರಂ ಇಲ್ಲ. ಮಿನಿಟ್ಸ್‌ನಲ್ಲಿ ಹಾಜರಿಯನ್ನು ಹುದ್ದೆ ಸಮೇತ ಓದಿ. ನಿಮ್ಮ ಇನ್ವೆಸ್ಟಿಗೇಟರ್ (ಸೈಟ್‌ನಲ್ಲಿ ಟ್ರಯಲ್‌ನ ಹೊಣೆ ಹೊತ್ತ ಡಾಕ್ಟರು) ಕಮಿಟಿಯ ಸದಸ್ಯರೂ ಆಗಿದ್ದರೆ ಆ ಪ್ರೋಟೋಕಾಲ್‌ನ ತೀರ್ಮಾನದ ಹೊತ್ತಿಗೆ ಅವರು ಹೊರಗಿದ್ದರು ಎಂಬುದು ಬರಹದಲ್ಲಿರಬೇಕು.

ಹಾಗೆಯೇ ಬಳ್ಳಾರಿಯ ಡಾಕ್ಟರನ್ನೇ ಮೂರು ಕಡೆಗೂ ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ ಮಾಡುವ ಆಸೆ ಬಿಡಿ. ಒಬ್ಬರಿಗೆ ಮೂರೇ ಟ್ರಯಲ್ ಎಂಬ ಹಳೆಯ ಮಿತಿ 2016ರಲ್ಲಿ ಹೋಯಿತು ನಿಜ, ಆದರೆ ಮೇಲ್ವಿಚಾರಣೆಯ ಹೊಣೆ ಹೋಗಿಲ್ಲ. ರಾಯಚೂರಿನಲ್ಲಿ ಲ್ಯಾಬ್ ರಿಪೋರ್ಟ್ ಬಂದು 9 ದಿನದ ಮೇಲೆ ಸಹಿ ಬಿದ್ದಿದ್ದರೆ ಯಾವ ಇನ್‌ಸ್ಪೆಕ್ಟರಿಗೂ ಬೇರೆ ಸಾಕ್ಷಿ ಬೇಡ.

ಕೋಟೆಬಾಗಿಲು (ಬಳ್ಳಾರಿ):

ಇಬ್ಬರಿಗೂ ಧನ್ಯವಾದ. ಹುಲಿಗಿ ರಸ್ತೆ ಅವರೇ, ಕೊಪ್ಪಳದ ಫೈಲ್ ತರಿಸಿ ನೋಡಿದೆ. ನೀವು ಹೇಳಿದ ಜಾರುಮೆಟ್ಟಿಲೇ, ಇರೋದು ಡಿಎಚ್‌ಆರ್ ಕಾಗದ ಮಾತ್ರ. ಹಾಗಾದ್ರೆ ಕೊಪ್ಪಳವನ್ನು ಸೈಟ್ ಮಾಡದೆ ಅಲ್ಲಿಂದ ರೋಗಿಗಳನ್ನು ಬಳ್ಳಾರಿಗೆ ಕರೆಸಿಕೊಂಡರೆ?

ಸಿಂಧನೂರು ಕಾಲುವೆ:

ಆಗುತ್ತೆ. ಅಲ್ಲಿನ ಡಾಕ್ಟರು ರೆಫರ್ ಮಾಡಲಿ, ಕನ್ಸೆಂಟ್‌ನಿಂದ ಹಿಡಿದು ಎಲ್ಲವೂ ಬಳ್ಳಾರಿಯಲ್ಲಿ ನಡೀಲಿ. ಕೊಪ್ಪಳದಲ್ಲಿ ‘ಬರೀ ರಕ್ತ ತೆಗೆದು ಕಳಿಸ್ತೀವಿ’ ಅಂತ ಶುರು ಮಾಡಿದರೆ ಅದು ಒಪ್ಪಿಗೆಯಿಲ್ಲದ ಸೈಟ್ ಆಗಿಬಿಡುತ್ತೆ. ರೆಫರ್ ಮಾಡಿದ ಡಾಕ್ಟರಿಗೆ ತಲೆಗಿಷ್ಟು ಅಂತ ದುಡ್ಡು ಕೊಡೋ ಮಾತು ಬೇಡವೇ ಬೇಡ.

ಖರ್ಚು ಮಾತ್ರ ಮೊದಲೇ ಕೂರಿಸಿ. ರೋಗಿಗೆ ಕೊಡುವ ಪ್ರಯಾಣದ ಹಣ, ಕೂಲಿ ನಷ್ಟ ಎರಡೂ ಇಸಿ ಒಪ್ಪಿದ ಮೊತ್ತವೇ ಆಗಿರಬೇಕು. ಟಿಕೆಟ್ ತೋರಿಸಿದರೆ ಹಣ ಅಂತ ಬರೆಸಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಟಿಕೆಟ್ ಸೊನ್ನೆ ರೂಪಾಯಿ, ಅಕೌಂಟ್ಸ್‌ನವರು ಆ ಚೀಟಿ ನೋಡಿ ಸೊನ್ನೆ ಕೊಡ್ತಾರೆ. ಆಕೆ ಕಳಕೊಂಡ ದಿನಗೂಲಿ, ಜೊತೆಗೆ ಬಂದವರ ಊಟ, ಬಸ್ ಸ್ಟ್ಯಾಂಡಿನಿಂದ ಆಟೋ ಎಲ್ಲಿಗೆ ಹೋಯ್ತು? ವಿಸಿಟ್‌ಗಿಷ್ಟು ಅಂತ ಒಟ್ಟು ಮೊತ್ತ ಮಾಡಿ, ಅದೇ ದಿನ ಕೈಗೆ ಸಿಗುವಂತೆ ನೋಡಿಕೊಳ್ಳಿ.

ಮಸ್ಕಿ ಗುಡ್ಡ (ರಾಯಚೂರು):

ಮೂರನೇದಕ್ಕ ನಾ ಹೇಳ್ತೀನ್ರಿ. ಮನಿಯಾಗ ಇಡೋ ಫ್ರಿಡ್ಜ್ ತರಬ್ಯಾಡ್ರಿ. ಅದರ ಹಿಂದಿನ ಗ್ವಾಡಿಗೆ ಹತ್ತಿದ ಡಬ್ಬಿ ಸೊನ್ನಿಗಿಂತ ಕೆಳಗ ಹೋಗತೈತಿ, ಬಾಗಲದ ಕಡಿ ಇದ್ದದ್ದು 10 ದಾಟತೈತಿ. ಇಂಥ ಪೆನ್ ಒಮ್ಮೆ ಹೆಪ್ಪುಗಟ್ಟಿತಂದ್ರ ಮುಗೀತು, ಕರಗಿದ ಮ್ಯಾಲೆ ನೋಡಾಕ ಹೊಸಾದರಂಗ ಕಂಡರೂ ಕೊಡಂಗಿಲ್ಲ. ಫಾರ್ಮಸಿ ಫ್ರಿಡ್ಜ್ ತಗೋರಿ. ತಗೊಂಡ ಮ್ಯಾಲೆ ಖಾಲಿ ಒಮ್ಮೆ, ತುಂಬಿಸಿ ಒಮ್ಮೆ, ಮ್ಯಾಲಿನ ಹಲಗಿ ಕೆಳಗಿನ ಹಲಗಿ ಎಲ್ಲಾ ಕಡೆ ಲಾಗರ್ (ಟೆಂಪರೇಚರ್ ದಾಖಲಿಸೋ ಯಂತ್ರ) ಇಟ್ಟು, ಎಲ್ಲಿ ಎಷ್ಟು ಐತಿ ಅಂತ ಮ್ಯಾಪಿಂಗ್ ಮಾಡಿಸ್ರಿ. ಅದನ್ನ ಜನವರಿಯಾಗ ಮಾಡಿ ಕೈ ತೊಳಕೋಬ್ಯಾಡ್ರಿ, ಹೊರಗ 42 ಇದ್ದಾಗ ಒಳಗ ಏನಾಗತೈತಿ ಅನ್ನೋದು ಬೇಕು.

ಕರೆಂಟ್ ವಿಷಯ. ಫ್ರಿಡ್ಜ್ ಜನರೇಟರ್ ಲೈನಿನಾಗ ಐತೇನು ಅಂತ ಬಾಯಿಲೆ ಕೇಳಬ್ಯಾಡ್ರಿ, ಮೇನ್ ಸ್ವಿಚ್ ಇಳಿಸಿ ನೋಡ್ರಿ. ಕಂಪ್ಯೂಟರಿಗೆ ಇಟ್ಟ ಸಣ್ಣ ಯುಪಿಎಸ್ ನಡೆಯಂಗಿಲ್ಲ. ಕಂಪ್ರೆಸರ್ ಎದ್ದೇಳುವಾಗ ಓಡೋದಕ್ಕಿಂತ ಹಲವು ಪಟ್ಟು ಕರೆಂಟ್ ಎಳೀತೈತಿ, ಯುಪಿಎಸ್ ಟ್ರಿಪ್ ಆಗತೈತಿ. ಸ್ಟೆಬಿಲೈಜರ್ ಬೇಕೇ ಬೇಕು. ಬಾಗಲಾ ತೆಗೀಲಾರದ ಎಷ್ಟು ಹೊತ್ತು 8ರ ಒಳಗ ತಡೀತೈತಿ ಅಂತ ಒಮ್ಮೆ ಪರೀಕ್ಷೆ ಮಾಡಿ ಬಾಗಲದ ಮ್ಯಾಲ ಬರೆದು ಅಂಟಿಸ್ರಿ. ರಾತ್ರಿ ಕಾವಲುಗಾರಗ ಅದು ಬೇಕಾಗತೈತಿ.

ಟೆಂಪರೇಚರ್ ಮೀರಿತಂದ್ರ ಮಾಡೋದು ಇಷ್ಟು: ಲಾಗರ್‌ನಿಂದ ಎಷ್ಟಕ್ಕ ಏರಿತು, ಎಷ್ಟು ಹೊತ್ತು ಇತ್ತು ತೆಗೀರಿ. ಪೆನ್ ಎಲ್ಲಾ ಸರಿ ಇರೋ ಫ್ರಿಡ್ಜಿಗೆ ಸಾಗಿಸಿ ‘ಬಳಸಬಾರದು’ ಅಂತ ಚೀಟಿ ಹಚ್ಚಿ ಬ್ಯಾರೆ ಇಡ್ರಿ. ಅವತ್ತೇ ಸ್ಪಾನ್ಸರಿಗೆ ಬರೀರಿ. ಬರಹದಾಗ ‘ಬಳಸಬಹುದು’ ಅಂತ ಬರೋತನಕ ಒಂದ್ ಪೆನ್ನೂ ಕೊಡಬ್ಯಾಡ್ರಿ. ಕೆಟ್ಟೈತಿ ಅಂತ ಒಗೀಬ್ಯಾಡ್ರಿ ಮತ್ತ, ಒಂದೊಂದಕ್ಕೂ ಲೆಕ್ಕ ಕೊಡಬೇಕು. ಎಷ್ಟೋ ಕಡಿ ಹುಡುಗರು ಹೆದರಿ ಅದನ್ನ ರಜಿಸ್ಟರಿನಾಗ 6 ಡಿಗ್ರಿ ಅಂತ ಬರೀತಾರ. ಶನಿವಾರ, ರವಿವಾರ, ಸೋಮವಾರದ್ದು ಒಂದೇ ಪೆನ್ನಿನ ಮಸಿ, ಒಂದೇ ಕೈ, ಒಂದೇ ನಂಬರ್ ಇದ್ರ ಮಾನಿಟರಿಗೆ ಕಣ್ಣ ಇರೋದಿಲ್ಲೇನು? ಟೆಂಪರೇಚರ್ ಮೀರಿದ್ದು ಡೀವಿಯೇಷನ್ (ಪ್ರೋಟೋಕಾಲ್ ತಪ್ಪಿದ್ದು), ಬರೆದು ಮುಗಿಸಬಹುದು. ಸುಳ್ಳು ಬರದದ್ದು ಸಿಕ್ಕರ ಸೈಟೇ ಹೋಗತೈತಿ.

ಅಡವಿಭಾವಿ:

ಮಸ್ಕಿ ಗುಡ್ಡ ಅಣ್ಣ ಹೇಳಿದ್ದರ ಜೊತೆ ಕನ್ಸೆಂಟ್ ಬಗ್ಗೆ ಸೇರಿಸ್ತೀನಿ. ಯಾರೂ ಕೇಳಿಲ್ಲ, ಆದ್ರೆ ಈ ಮೂರು ಜಿಲ್ಲೆಯಲ್ಲಿ ಆಡಿಟ್ ಮೊದಲು ಕಚ್ಚೋದು ಅಲ್ಲೇ.

ಸ್ಪಾನ್ಸರ್ ಕಳಿಸುವ ಕನ್ನಡ ಫಾರ್ಮ್ ಸಾಮಾನ್ಯವಾಗಿ ಆಫೀಸಿನ ಕನ್ನಡ. ‘ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಅಂತ ಇರುತ್ತೆ, ಓದಿ ಹೇಳಿದವರಿಗೂ ತಿಳಿಯಲ್ಲ. ‘ಚೀಟಿ ಎತ್ತಿದ ಹಾಗೆ ನಿಮಗೆ ಯಾವ ಔಷಧಿ ಅಂತ ಕಂಪ್ಯೂಟರ್ ತೀರ್ಮಾನಿಸುತ್ತೆ, ಡಾಕ್ಟರ್ ಕೈಯಲ್ಲಿಲ್ಲ’ ಅಂತ ತಿದ್ದಿಸಿ, ಬ್ಯಾಕ್ ಟ್ರಾನ್ಸ್‌ಲೇಷನ್ (ಅರ್ಥ ಸರಿಯಿದೆಯಾ ನೋಡೋಕೆ ಮತ್ತೆ ಮೂಲ ಭಾಷೆಗೆ ಅನುವಾದ) ಮಾಡಿಸಿ, ಇಸಿಗೆ ಹಾಕಿ. ರಾಯಚೂರು, ಸಿರುಗುಪ್ಪ ಕಡೆಗೆ ತೆಲುಗು ಬೇಕು. ಉರ್ದು ಬೇಕು. ಸಿಂಧನೂರು ಕ್ಯಾಂಪ್‌ಗಳಿಂದ ರೋಗಿಗಳು ಬರ್ತಾರೆ ಅಂದ್ರೆ ಬಂಗಾಳಿಯೂ ಬೇಕಾದೀತು. ಲಂಬಾಣಿ ತಾಂಡಾದವರಿಗೆ ಕನ್ನಡ ಫಾರ್ಮನ್ನೇ ಇಟ್ಟು, ಅವರ ಭಾಷೆ ಬಲ್ಲವರಿಂದ ಹೇಳಿಸಿ, ಯಾರು ಹೇಳಿದರು ಅನ್ನೋದನ್ನ ಸೋರ್ಸ್‌ನಲ್ಲಿ (ರೋಗಿಯ ಮೂಲ ದಾಖಲೆ) ಬರೀರಿ.

ಓದು ಬರಹ ಬಾರದವರಿಗೆ ಇಂಪಾರ್ಷಿಯಲ್ ವಿಟ್ನೆಸ್ (ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿ) ಶುರುವಿನಿಂದ ಕೊನೆವರೆಗೂ ಕೂತಿರಬೇಕು, ಹೆಬ್ಬೆಟ್ಟು ಒತ್ತುವಾಗ ಕರೆದರೆ ಆಗಲ್ಲ. ವಾರ್ಡಿನ ನರ್ಸ್, ವಿಭಾಗದ ಅಟೆಂಡರ್ ನಡೆಯಲ್ಲ, ಟ್ರಯಲ್‌ನವರ ಮಾತಿಗೆ ಮಣಿಯುವ ಸ್ಥಾನದಲ್ಲಿ ಸಾಕ್ಷಿ ಇರಬಾರದು. ಹೊಸ ರಾಸಾಯನಿಕ ಘಟಕ ಅಥವಾ ಹೊಸ ಮಾಲಿಕ್ಯೂಲ್‌ನ ಟ್ರಯಲ್‌ನಲ್ಲಿ ದುರ್ಬಲ ವರ್ಗದವರನ್ನು ಸೇರಿಸುವಾಗ ಆಡಿಯೋ-ವಿಡಿಯೋ ರೆಕಾರ್ಡಿಂಗ್ ಕಡ್ಡಾಯ. ಫಾರ್ಮ್‌ನಲ್ಲಿ ಕೆಲಸ, ವಾರ್ಷಿಕ ಆದಾಯ, ನಾಮಿನಿಯ ಹೆಸರು, ವಿಳಾಸ, ಸಂಬಂಧದ ಜಾಗ ಖಾಲಿ ಬಿಡಬೇಡಿ, ಪರಿಹಾರದ ಹೊತ್ತಿಗೆ ಅದೇ ಆಧಾರ.

ಮತ್ತೆ ಸಣ್ಣದೊಂದು. ‘ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅಂತ ಟ್ರಯಲ್‌ಗಾಗಿ ಹೇಳಿದರೆ ಅದೇ ಟ್ರಯಲ್‌ನ ಕೆಲಸ ಶುರುವಾದ ಹಾಗೆ. ಸಹಿ 10:40ಕ್ಕೆ, ಉಪವಾಸ ಹಿಂದಿನ ರಾತ್ರಿಯಿಂದ, ಹೇಳಿದ್ದು ಯಾರು? ಕನ್ಸೆಂಟ್ ಒಂದು ದಿನ, ಸ್ಕ್ರೀನಿಂಗ್ ರಕ್ತ ಇನ್ನೊಂದು ದಿನ ಇಟ್ಕೊಂಡ್ರೆ ತಕರಾರಿಲ್ಲ. ಕಾಲುವೆ ಅವರ ಗಂಟೆ ಲೆಕ್ಕಕ್ಕೆ ಅದನ್ನೂ ಸೇರಿಸಿ, ಪ್ರಯಾಣದ ಹಣ ಎರಡು ಸಲ.

ಹುಲಿಗಿ ರಸ್ತೆ:

ಅಡವಿಭಾವಿ ಅವರು ಪರಿಹಾರದ ಮಾತೆತ್ತಿದ್ದಕ್ಕೆ: ಎಸ್‌ಎಇ (ಟ್ರಯಲ್ ವೇಳೆ ರೋಗಿಗೆ ಆಗುವ ಗಂಭೀರ ತೊಂದರೆ) ವರದಿಯ ಗಡಿಯಾರವನ್ನು ವಿಭಾಗದ ಮುಖ್ಯಸ್ಥರು ಬಾಯಿಪಾಠ ಮಾಡಿರಬೇಕು. ಇನ್ವೆಸ್ಟಿಗೇಟರ್‌ನಿಂದ ಸಿಡಿಎಸ್‌ಸಿಒ, ಸ್ಪಾನ್ಸರ್, ಇಸಿ ಮೂವರಿಗೂ 24 ಗಂಟೆಯೊಳಗೆ. ವಿಶ್ಲೇಷಣೆಯೊಂದಿಗಿನ ವರದಿ 14 ದಿನದೊಳಗೆ, ಇದರ ಪ್ರತಿ ಸಂಸ್ಥೆಯ ಮುಖ್ಯಸ್ಥರಿಗೂ. ಇಸಿಯ ಅಭಿಪ್ರಾಯ 30 ದಿನದೊಳಗೆ.

ಸಿಂಧನೂರು ಕಾಲುವೆ:

24 ಗಂಟೆ ಅಂದ್ರೆ ಸೈಟ್‌ಗೆ ಗೊತ್ತಾದ ಮೇಲೆ ತಾನೆ? ಗುತ್ತಿಗೆಯಲ್ಲಿ ಹಾಗೇ ಇರುತ್ತೆ.

ಹುಲಿಗಿ ರಸ್ತೆ:

ಸ್ಪಾನ್ಸರ್ ಗುತ್ತಿಗೆಯಲ್ಲಿ ಹಾಗಿರುತ್ತದೆ. ರೂಲ್ಸ್‌ನ ಪದ ‘ಸಂಭವಿಸಿದ 24 ಗಂಟೆಯೊಳಗೆ’. ತಡವಾದರೆ ಕಾರಣವನ್ನು ವರದಿ ಜೊತೆ ಬರೆದು ಸಿಡಿಎಸ್‌ಸಿಒಗೆ ಒಪ್ಪಿಗೆಯಾಗುವಂತೆ ವಿವರಿಸಬೇಕು. ಲಿಂಗಸುಗೂರಿನ ರೋಗಿ ಎದೆನೋವಿಗೆ ತಾಲ್ಲೂಕು ಆಸ್ಪತ್ರೆ ಸೇರಿ, ಅಲ್ಲಿಂದ ಹೈದರಾಬಾದಿಗೆ ಹೋಗಿ, ಮನೆಗೆ ಬಂದು ಮುಂದಿನ ವಿಸಿಟ್‌ನಲ್ಲಿ ಹೇಳುತ್ತಾನೆ: ನಮ್ಮ ಕಡೆ ತಡವಾಗುವುದು ಹೀಗೆ. ಅದಕ್ಕೆ ಕನ್ನಡದಲ್ಲಿ ದಪ್ಪಕ್ಷರದ ಕಾರ್ಡು, 24 ಗಂಟೆ ಎತ್ತುವ ಒಂದು ಫೋನ್ ನಂಬರ್. ಅದು ಕೋಆರ್ಡಿನೇಟರ್‌ನ ಸ್ವಂತ ನಂಬರ್ ಆಗಬಾರದು, ಆತ ಕೆಲಸ ಬಿಟ್ಟ ದಿನ ಕಾರ್ಡೂ ಸತ್ತಂತೆ. ನಾಮಿನಿಗೂ ಒಂದು ಕಾರ್ಡ್ ಕೊಡಿ. ವಿಸಿಟ್‌ಗಳ ನಡುವೆ 10 ದಿನಕ್ಕೊಂದು ಫೋನ್, ಒಂದೇ ಪ್ರಶ್ನೆ: ‘ಬೇರೆ ಯಾವ ದವಾಖಾನೆಗಾದರೂ ಹೋಗಿದ್ದಿರಾ?’ ಕರೆ ಮಾಡಿದ ದಿನ, ಹೊತ್ತು, ಉತ್ತರ ಸೋರ್ಸ್‌ನಲ್ಲಿ ಬರಲಿ.

ಕೆಲಸ ಬಿಡುವ ಮಾತು ಬಂದಿದ್ದಕ್ಕೆ ಇದೂ ಇರಲಿ. ಪಳಗಿದ ಕೋಆರ್ಡಿನೇಟರ್‌ಗಳಿಗೆ ಬೆಂಗಳೂರಿನ ಸಿಆರ್‌ಒಗಳ ಕರೆ ಬರುತ್ತಲೇ ಇರುತ್ತದೆ. ಪ್ರತಿ ಟ್ರಯಲ್‌ಗೆ ಟ್ರೈನಿಂಗ್ ಆದ, ಡೆಲಿಗೇಷನ್ ಲಾಗ್‌ನಲ್ಲಿ (ಯಾರಿಗೆ ಯಾವ ಕೆಲಸ ಎಂಬ ಪಟ್ಟಿ) ಹೆಸರಿರುವ ಎರಡನೇ ವ್ಯಕ್ತಿ ಮೊದಲ ದಿನದಿಂದ ಬೇಕು. ಹೊರಡುವವರ ಲಾಗ್‌ಗೆ ಕೊನೆಯ ದಿನಾಂಕ, ಇಡಿಸಿ (ಟ್ರಯಲ್ ಡೇಟಾ ತುಂಬುವ ಸಾಫ್ಟ್‌ವೇರ್) ಲಾಗಿನ್ ಅದೇ ದಿನ ಬಂದ್.

ಕೋಟೆಬಾಗಿಲು (ಬಳ್ಳಾರಿ):

ಡಾಕ್ಟರ ಜೊತೆ ರಿಜಿಸ್ಟರ್ ಹಿಡಿದು ಕೂತೆ. ಬಳ್ಳಾರಿಗೆ ತಿಂಗಳಿಗೆ 6, ರಾಯಚೂರಿಗೆ 3 ಅಂತ ಬರೆದು ಕಳಿಸ್ತಿದ್ದೀವಿ. ರಾಯಚೂರಿನದ್ದು ಅಲ್ಲಿನ ಕಮಿಟಿ ಒಪ್ಪಿದ ಮೇಲೆ, ಕೊಪ್ಪಳ ಈಗ ಬೇಡ. ಕೊನೇದೊಂದು: ರೋಗಿ ನಾಲ್ಕು ವಾರದ ಪೆನ್ ಮನೆಗೆ ಒಯ್ಯಬೇಕು, ಹಳ್ಳಿ ಮನೆಯಲ್ಲಿ ಫ್ರಿಡ್ಜ್ ಇಲ್ಲ. ಇನ್ಸುಲಿನ್‌ಗೆ ಮಾಡೋ ಹಾಗೆ ಮಣ್ಣಿನ ಗಡಿಗೆ, ಒದ್ದೆ ಬಟ್ಟೆ ಆಗುತ್ತಾ?

ಮಸ್ಕಿ ಗುಡ್ಡ (ರಾಯಚೂರು):

ಆಗಂಗಿಲ್ರಿ. ಗಡಿಗಿ ಹೊರಗಿನ ಬಿಸಿಲಿಗಿಂತ ತಣ್ಣಗ ಇರತೈತಿ ಖರೆ, 8ಕ್ಕ ಇಳಿಯಂಗಿಲ್ಲ. ಟ್ರಯಲ್ ಔಷಧಿಗೆ ಲೇಬಲ್ ಮ್ಯಾಲಿದ್ದದ್ದೇ ಮಾತು. ಬಳಸಾಕ ಶುರು ಮಾಡಿದ ಪೆನ್ 30 ಡಿಗ್ರಿ ತನಕ ಇಷ್ಟು ದಿನ ಇಡಬಹುದು ಅಂತ ಇದ್ರೂ, ನಮ್ಮ ಮೇ ತಿಂಗಳ ತಗಡಿನ ಮನಿ 30ಕ್ಕ ನಿಲ್ಲಂಗಿಲ್ಲ. ಪ್ರೋಟೋಕಾಲ್ ಬಿಟ್ರ ವಾರಾ ವಾರಾ ಸೈಟಿಗೇ ಕರೆಸಿ ಚುಚ್ಚ್ರಿ. ಬಿಡದಿದ್ರ ಮನಿಯಾಗ ಫ್ರಿಡ್ಜ್ ಐತೇನು ಅಂತ ಸ್ಕ್ರೀನಿಂಗಿನಾಗೇ ಕೇಳ್ರಿ. ಈ ಷರತ್ತು ಸ್ಪಾನ್ಸರಿಗೆ, ಇಸಿಗೆ ಗೊತ್ತಿರಲಿ, ಬಡವರನ್ನ ಸುಮ್ನ ಹೊರಗ ಹಾಕಿದಂಗ ಆಗಬಾರದು.

ಒಯ್ಯುವಾಗ ತಂಪು ಚೀಲದಾಗ ಜೆಲ್ ಪ್ಯಾಕ್ ಫ್ರೀಜರಿನಿಂದ ತೆಗೆದ ಕೂಡ್ಲೆ ಹಾಕಬ್ಯಾಡ್ರಿ. ನಮ್ಮ ಎಎನ್‌ಎಂ ಅಕ್ಕಂದಿರು ಲಸಿಕೆ ಡಬ್ಬಿಗೆ ಐಸ್ ಪ್ಯಾಕ್ ಹೊರಗಿಟ್ಟು, ಬೆವರೊಡೆದು, ಅಲ್ಲಾಡಿಸಿದ್ರ ಒಳಗ ನೀರ ಸಪ್ಪಳ ಬರೋತನಕ ಕಾಯ್ತಾರ. ನೀವೂ ಹಂಗ ಪ್ಯಾಕ್ ಬೆವರೊಡೆಯೋತನಕ ಹೊರಗಿಡ್ರಿ. ಮತ್ತ ಪ್ಯಾಕಿಗೂ ಪೆನ್ನಿಗೂ ನಡುವ ಒಂದ್ ರಟ್ಟು ಇರಲಿ.